ಈಜುಗಾರ ಡ್ಯೂಕ್ ಕಹಾನಮೋಕು

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನಕ್ಕೆ ಈಜು ಬರುತ್ತದೆ? ಕಂಬಂ, ಚಿನ್ನಮನೂರು, ಉತ್ತಮಪಾಳಯದ ಕಡೆಯ ಮಕ್ಕಳಲ್ಲಿ ಹಲವರು ಕೈ ಎತ್ತಬಹುದು. ಬೇಸಿಗೆ ರಜೆ ಬಂದರೆ ತೋಟದ ಬಾವಿಯೇ ನಮ್ಮ ಈಜುಕೊಳ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡೋ, ಬಾಳೆದಿಂಡನ್ನು ಹಿಡಿದುಕೊಂಡೋ ಮೊದಲ ದಿನ ಹೆದರುತ್ತಾ ನೀರಿಗೆ ಇಳಿಯುತ್ತೇವೆ. ಪಕ್ಕದಲ್ಲಿ ಅಪ್ಪನೋ ಸೋದರಮಾವನೋ ಇರುತ್ತಾರೆ. ನಾಲ್ಕು ದಿನ ನೀರು ಕುಡಿದ ಮೇಲೆ ಐದನೆಯ ದಿನ ಕೈಕಾಲು ತಾವಾಗಿಯೇ ಆಡತೊಡಗುತ್ತವೆ. ಆಮೇಲೆ ನಮ್ಮನ್ನು ಬಾವಿಯಿಂದ ಮೇಲಕ್ಕೆ ಕರೆಯುವುದೇ ಅಮ್ಮನಿಗೆ ದೊಡ್ಡ ಕೆಲಸ.

ಹೀಗೆಯೇ ಯಾವ ಶಾಲೆಯೂ ಇಲ್ಲದೆ, ಯಾವ ಗುರುವೂ ಇಲ್ಲದೆ, ಮನೆಯ ಹಿರಿಯರಿಂದ ಈಜು ಕಲಿತ ಒಬ್ಬ ಹುಡುಗನು ಮುಂದೆ ಲೋಕದಲ್ಲೇ ಅತಿ ವೇಗದ ಈಜುಗಾರನಾದನು. ಅವನು ಕಲಿತದ್ದು ಬಾವಿಯಲ್ಲಿ ಅಲ್ಲ, ಕಡಲಿನಲ್ಲಿ. ಅವನ ಹೆಸರು ಡ್ಯೂಕ್ ಕಹಾನಮೋಕು.

ಭೂಪಟವನ್ನು ತೆರೆದು ನೋಡಿರಿ. ಏಷ್ಯಾ ಖಂಡಕ್ಕೂ ಅಮೆರಿಕ ಖಂಡಕ್ಕೂ ನಡುವೆ ಶಾಂತ ಮಹಾಸಾಗರ ಹರಡಿದೆ. ಅದರ ನಡುವೆ ಸಾಸಿವೆ ಚೆಲ್ಲಿದಂತೆ ಕೆಲವು ಚುಕ್ಕೆಗಳು ಕಾಣುತ್ತವೆ. ಅವೇ ಹವಾಯಿ ದ್ವೀಪಗಳು. ಆ ದ್ವೀಪಗಳ ಮುಖ್ಯ ಪಟ್ಟಣವಾದ ಹೊನೊಲುಲುವಿನಲ್ಲಿ 1890ನೆಯ ಇಸವಿ ಆಗಸ್ಟ್ 24ರಂದು ಡ್ಯೂಕ್ ಹುಟ್ಟಿದನು. ಆಗ ಹವಾಯಿ ತನ್ನದೇ ಅರಸರಿದ್ದ ಒಂದು ಸ್ವತಂತ್ರ ರಾಜ್ಯವಾಗಿತ್ತು. ಡ್ಯೂಕ್ ಎರಡು ವರ್ಷದ ಮಗುವಾಗಿದ್ದಾಗ, 1893ರಲ್ಲಿ, ಅಲ್ಲಿಯ ರಾಣಿಯನ್ನು ಪಟ್ಟದಿಂದ ಇಳಿಸಿದರು. 1898ರಲ್ಲಿ ಅಮೆರಿಕವು ಆ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. ಪೆರಿಯಾರ್ ಅಣೆಕಟ್ಟು ಮುಗಿದು, ಬೆಟ್ಟದೊಳಗಿನ ಸುರಂಗದ ಮೂಲಕ ನೀರು ನಮ್ಮ ಕಂಬಂ ಕಣಿವೆಗೆ ಇಳಿದು ಬಂದದ್ದು 1895ರಲ್ಲಿ. ಆ ವರ್ಷ ಡ್ಯೂಕ್‌ಗೆ ಐದು ವರ್ಷ. ನಮ್ಮ ಅಜ್ಜನ ಅಜ್ಜಂದಿರ ಕಾಲದವನು ಅವನು ಎಂದು ತಿಳಿಯಿರಿ.

ಡ್ಯೂಕ್ ಎಂದರೆ ಇಂಗ್ಲಿಷಿನಲ್ಲಿ ದೊಡ್ಡ ಜಹಗೀರುದಾರನಿಗೆ ಇರುವ ಬಿರುದು. ಆದರೆ ಇದು ಅವನಿಗೆ ಬಿರುದಾಗಿರಲಿಲ್ಲ, ಇಟ್ಟ ಹೆಸರೇ ಆಗಿತ್ತು. 1869ರಲ್ಲಿ ಇಂಗ್ಲೆಂಡಿನ ಒಬ್ಬ ರಾಜಕುಮಾರನು ಹವಾಯಿಗೆ ಬಂದಿದ್ದನು. ಅವನು ಎಡಿನ್‌ಬರೋದ ಡ್ಯೂಕ್. ಆ ನೆನಪಿಗಾಗಿ ತಂದೆಗೆ ಇಟ್ಟ ಹೆಸರು ಮಗನಿಗೂ ಬಂದಿತು. ತಂದೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದರು. ಡ್ಯೂಕ್ ಮನೆಯ ಹಿರಿಯ ಮಗ. ಅವನ ಬೆನ್ನಿಗೆ ಐವರು ತಮ್ಮಂದಿರು, ಮೂವರು ತಂಗಿಯರು. ಒಂಬತ್ತು ಮಕ್ಕಳ ಸಂಸಾರವನ್ನು ಸಾಗಿಸುವುದು ಸುಲಭವಲ್ಲ. ಆದ್ದರಿಂದ ಡ್ಯೂಕ್ ಶಾಲೆಯ ಓದನ್ನು ಪೂರ್ತಿ ಮುಗಿಸಲಾಗಲಿಲ್ಲ. ಮನೆಗೆ ನೆರವಾಗಲು ಸಿಕ್ಕಿದ ಕೆಲಸ ಮಾಡಿದನು.

ಅವರ ಮನೆ ವೈಕಿಕಿ ಎಂಬ ಕಡಲತೀರದ ಹತ್ತಿರವಿತ್ತು. ಅವನಿಗೆ ನಾಲ್ಕು ವರ್ಷವಿದ್ದಾಗ ತಂದೆಯೂ ಚಿಕ್ಕಪ್ಪನೂ ಅವನನ್ನು ದೋಣಿಯಲ್ಲಿ ಕರೆದೊಯ್ದು ನೀರಿಗೆ ಹಾಕಿದರಂತೆ. ಈಜಬೇಕು, ಇಲ್ಲವೇ ಮುಳುಗಬೇಕು. ಹುಡುಗನು ಈಜಿದನು. ಇದನ್ನು ದೊಡ್ಡವನಾದ ಮೇಲೆ ಅವನೇ ನೆನೆಸಿಕೊಂಡು ನಗುತ್ತಿದ್ದನು. ನೀವು ಯಾರೂ ತಮ್ಮ ತಂಗಿಯರ ಮೇಲೆ ಇದನ್ನು ಪ್ರಯೋಗ ಮಾಡಬೇಡಿರಿ!

ಹವಾಯಿಯ ಜನಕ್ಕೆ ಇನ್ನೊಂದು ಹಳೆಯ ಆಟವಿತ್ತು. ಉದ್ದವಾದ ಮರದ ಹಲಗೆಯ ಮೇಲೆ ಮಲಗಿ ಕೈಯಿಂದ ನೀರನ್ನು ತಳ್ಳುತ್ತಾ ಕಡಲಿನ ಒಳಕ್ಕೆ ಹೋಗುವರು. ದೊಡ್ಡ ಅಲೆ ಎದ್ದು ಬರುವಾಗ ಹಲಗೆಯ ಮೇಲೆ ಎದ್ದು ನಿಲ್ಲುವರು. ಅಲೆಯು ಅವರನ್ನು ಹೊತ್ತು ದಡದತ್ತ ಓಡುವುದು. ಕುದುರೆಯ ಬೆನ್ನೇರಿದಂತೆ ಅಲೆಯ ಬೆನ್ನೇರುವ ಆಟವಿದು. ಈಗ ಇದನ್ನು ಸರ್ಫಿಂಗ್ ಎನ್ನುತ್ತಾರೆ. ಹೊರಗಿನಿಂದ ಬಂದವರು ಈ ಆಟವನ್ನು ಸೋಮಾರಿಗಳ ಕೆಲಸ ಎಂದು ಹಳಿದಿದ್ದರಿಂದ ಅದು ಅಳಿಯುವ ಸ್ಥಿತಿಗೆ ಬಂದಿತ್ತು. ಡ್ಯೂಕ್ ಮತ್ತು ಅವನ ಗೆಳೆಯರು ಅದನ್ನು ಬಿಡಲಿಲ್ಲ. ಡ್ಯೂಕ್ ಬಳಸಿದ ಒಂದು ಹಲಗೆ 16 ಅಡಿ ಉದ್ದವಿತ್ತು. ಅದರ ತೂಕ ಸುಮಾರು 52 ಕಿಲೋ. ಒಂದು ಮೂಟೆ ನೆಲ್ಲಿನಷ್ಟು ಭಾರದ ಮರವನ್ನು ಹೊತ್ತು ನೀರಿಗೆ ಇಳಿಯುತ್ತಿದ್ದನೆಂದರೆ ಅವನ ತೋಳುಗಳ ಬಲವನ್ನು ನೀವೇ ಊಹಿಸಿಕೊಳ್ಳಿರಿ.

ಹಗಲೆಲ್ಲ ನೀರಿನಲ್ಲೇ ಕಳೆದ ಡ್ಯೂಕ್ ತನ್ನದೇ ಆದ ಒಂದು ಈಜನ್ನು ರೂಢಿಸಿಕೊಂಡನು. ಸ್ಪರ್ಧೆಯಲ್ಲಿ ಫ್ರೀಸ್ಟೈಲ್ ಎಂದರೆ ಈಜುಗಾರನು ತನಗೆ ಇಷ್ಟಬಂದ ರೀತಿಯಲ್ಲಿ ಈಜಬಹುದು. ಮುಖವನ್ನು ನೀರಿನಲ್ಲಿಟ್ಟು, ಒಂದಾದ ಮೇಲೊಂದು ಕೈಯನ್ನು ಮುಂದಕ್ಕೆ ಚಾಚಿ ನೀರನ್ನು ಹಿಂದಕ್ಕೆ ಎಳೆದು, ಕಾಲುಗಳನ್ನು ಮೇಲೆ ಕೆಳಗೆ ಬಡಿಯುವ ರೀತಿಯೇ ಎಲ್ಲಕ್ಕಿಂತ ವೇಗವಾದದ್ದು. ಡ್ಯೂಕ್‌ನ ಪಾದಗಳು ಬಹಳ ದೊಡ್ಡವು. ಅವನು ಕಾಲುಗಳನ್ನು ಬೇರೆಯವರಿಗಿಂತ ಬೇಗ ಬೇಗ ಬಡಿಯುತ್ತಿದ್ದನು. ದೋಣಿಯ ಹಿಂದೆ ಚಕ್ರ ತಿರುಗಿದಂತೆ ಅವನ ಹಿಂದೆ ನೀರು ನೊರೆಗಟ್ಟುತ್ತಿತ್ತು.

1911ನೆಯ ಇಸವಿ ಆಗಸ್ಟ್ 11. ಹೊನೊಲುಲು ಬಂದರಿನಲ್ಲಿ ಒಂದು ಈಜು ಸ್ಪರ್ಧೆ ಏರ್ಪಟ್ಟಿತು. ಈಜುಕೊಳವೇನೂ ಇರಲಿಲ್ಲ. ಹಡಗುಗಳು ನಿಲ್ಲುವ ಕಟ್ಟೆಗಳ ನಡುವಿನ ಉಪ್ಪುನೀರಿನಲ್ಲೇ ನೂರು ಗಜ ಅಳೆದು ಗುರುತು ಮಾಡಿದ್ದರು. ನೂರು ಗಜವೆಂದರೆ ಸುಮಾರು 91 ಮೀಟರ್. ಡ್ಯೂಕ್ ಆ ದೂರವನ್ನು 55.4 ಸೆಕೆಂಡಿನಲ್ಲಿ ಮುಟ್ಟಿದರು. ಅದುವರೆಗೆ ಇದ್ದ ಲೋಕದಾಖಲೆಗಿಂತ ಅದು 4.6 ಸೆಕೆಂಡು ಕಡಿಮೆ! ಇಂಥ ಓಟದಲ್ಲಿ ಅರ್ಧ ಸೆಕೆಂಡು ಕಡಿಮೆ ಮಾಡುವುದೇ ದೊಡ್ಡ ಮಾತು. ನೋಡುತ್ತಿದ್ದವರು ನಂಬಲಾರದೆ ದೂರವನ್ನು ಮತ್ತೆ ಅಳೆದರು. ಅಳತೆ ಸರಿಯಾಗಿಯೇ ಇತ್ತು.

ಸುದ್ದಿಯನ್ನು ಅಮೆರಿಕದ ಕ್ರೀಡಾಸಂಘಕ್ಕೆ ಕಳುಹಿಸಿದರು. ಅಲ್ಲಿಯ ಹಿರಿಯರು ಅದನ್ನು ಒಪ್ಪಲಿಲ್ಲ. ಯಾವುದೋ ದೂರದ ದ್ವೀಪದ, ಯಾರೂ ಹೆಸರು ಕೇಳದ ಹುಡುಗ ಇಷ್ಟು ವೇಗವಾಗಿ ಈಜುವುದುಂಟೇ ಎಂದುಕೊಂಡರು. ಹೊನೊಲುಲುವಿನವರು ವೇಳೆ ನೋಡಿದ್ದು ಅಲಾರಂ ಗಡಿಯಾರದಲ್ಲಿ ಇರಬೇಕು ಎಂದು ಹಾಸ್ಯ ಮಾಡಿದರು. ಆಮೇಲೆ, ಕಡಲಿನ ಹರಿವೇ ಅವನನ್ನು ತಳ್ಳಿಕೊಂಡು ಹೋಗಿರಬೇಕು ಎಂದರು. ದಾಖಲೆಯ ಪುಸ್ತಕದಲ್ಲಿ ಅವರ ಹೆಸರು ಏರಲಿಲ್ಲ.

ನಾವು ಸರಿಯಾಗಿ ಮಾಡಿದ ಲೆಕ್ಕವನ್ನು ಯಾರನ್ನೋ ನೋಡಿ ಬರೆದದ್ದು ಎಂದು ಹೇಳಿದರೆ ಎಷ್ಟು ನೋವಾಗುತ್ತದೆ! ಡ್ಯೂಕ್ ಅವರಿಗೂ ಹಾಗೆಯೇ ಆಗಿರಬೇಕು. ಆದರೆ ಅವರು ಜಗಳಕ್ಕೆ ಹೋಗಲಿಲ್ಲ. ನಂಬದವರ ಕಣ್ಣ ಮುಂದೆಯೇ ಈಜಿ ತೋರಿಸುವುದೊಂದೇ ಉಳಿದ ದಾರಿ. ಅದಕ್ಕೆ ಹಡಗಿನಲ್ಲಿ ಸಾವಿರಾರು ಮೈಲಿ ಹೋಗಬೇಕು. ಕೈಯಲ್ಲಿ ಕಾಸಿಲ್ಲ. ಆಗ ಹೊನೊಲುಲುವಿನ ಜನರು ಸೇರಿ ಹಣ ಕೂಡಿಸಿದರು. 1912ರ ಆರಂಭದಲ್ಲಿ ಡ್ಯೂಕ್ ಅಮೆರಿಕಕ್ಕೆ ಹೊರಟರು.

ಅಲ್ಲಿ ಎಲ್ಲವೂ ಹೊಸದು. ಮೈ ಕೊರೆಯುವ ಚಳಿ. ಬೆಚ್ಚಗಿನ ಕಡಲಿನಲ್ಲಿ ಬೆಳೆದವರಿಗೆ ನಾಲ್ಕು ಗೋಡೆಯ ನಡುವಿನ ತಣ್ಣೀರು ಒಗ್ಗಲಿಲ್ಲ. ಕಡಲಿನಲ್ಲಿ ನೇರವಾಗಿ ಎಷ್ಟು ದೂರ ಬೇಕಾದರೂ ಈಜಬಹುದು. ಕೊಳದಲ್ಲಿ ಗೋಡೆ ಬಂದ ಕೂಡಲೇ ತಿರುಗಬೇಕು. ಹಾಗೆ ತಿರುಗುವ ಚಳಕ ಅವರಿಗೆ ಗೊತ್ತಿರಲಿಲ್ಲ. ಪಿಟ್ಸ್‌ಬರ್ಗ್ ನಗರದ ಒಂದು ಸ್ಪರ್ಧೆಯಲ್ಲಿ ಕಾಲು ಹಿಡಿದುಕೊಂಡು ಅರ್ಧಕ್ಕೇ ನಿಲ್ಲಬೇಕಾಯಿತು. ಆದರೂ ಅವರು ಬಿಡದೆ ಕಲಿತರು. ಕೆಲವೇ ತಿಂಗಳಲ್ಲಿ ತಿರುವುಗಳನ್ನು ಅಭ್ಯಾಸ ಮಾಡಿಕೊಂಡು ಅಮೆರಿಕದ ಒಲಿಂಪಿಕ್ ತಂಡಕ್ಕೆ ಆಯ್ಕೆಯಾದರು.

ಆ ವರ್ಷದ ಒಲಿಂಪಿಕ್ ಕ್ರೀಡೆಗಳು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ನಡೆದವು. ಅಮೆರಿಕದ ತಂಡ ಹಡಗಿನಲ್ಲಿ ಹೊರಟಿತು. ಈಜುಗಾರರ ಅಭ್ಯಾಸಕ್ಕೆಂದು ಹಡಗಿನ ಮೇಲೆ ಒಂದು ಸಣ್ಣ ನೀರಿನ ತೊಟ್ಟಿ ಮಾಡಿದ್ದರು. ಅದೇ ತಂಡದಲ್ಲಿ ಜಿಮ್ ಥೋರ್ಪ್ ಎಂಬ ಹೆಸರಾಂತ ಓಟಗಾರರೂ ಇದ್ದರು. ಅವರು ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರು.

ಸ್ಟಾಕ್‌ಹೋಮಿನಲ್ಲಿಯೂ ಈಜುಕೊಳವಿರಲಿಲ್ಲ. ಕಡಲಿನ ಒಂದು ಕೊಲ್ಲಿಯಲ್ಲಿಯೇ ಸ್ಪರ್ಧೆ. ನೂರು ಮೀಟರ್ ಫ್ರೀಸ್ಟೈಲ್‌ನ ಮೊದಲ ಸುತ್ತುಗಳಲ್ಲಿ ಡ್ಯೂಕ್ ಸುಲಭವಾಗಿ ಗೆದ್ದರು. ಆಗ ಒಂದು ಎಡವಟ್ಟಾಯಿತು. ಸೆಮಿಫೈನಲ್ ಯಾವಾಗ ಎಂಬುದನ್ನು ಅಮೆರಿಕದವರು ತಪ್ಪಾಗಿ ತಿಳಿದುಕೊಂಡಿದ್ದರು. ಸ್ಪರ್ಧೆಯ ಹೊತ್ತಿಗೆ ಡ್ಯೂಕ್ ಮತ್ತು ಅವರ ಇಬ್ಬರು ಜೊತೆಗಾರರು ಅಲ್ಲಿಗೆ ಬರಲೇ ಇಲ್ಲ! ಅಷ್ಟು ದೂರ ಬಂದು, ಊರಿನವರ ಹಣದಿಂದ ಬಂದು, ಈಜದೆಯೇ ಹಿಂದಿರುಗಬೇಕೇ?

ನಿಯಮದ ಪ್ರಕಾರ ಬಾರದವರು ಸೋತಂತೆ. ಎದುರಾಳಿಗಳಿಗೆ ಇದು ಒಳ್ಳೆಯ ಅವಕಾಶವೇ ಆಗಿತ್ತು. ಆದರೆ ಆಸ್ಟ್ರೇಲಿಯಾದ ಈಜುಗಾರ ಸೆಸಿಲ್ ಹೀಲಿ ಅವರು ಹಾಗೆ ಯೋಚಿಸಲಿಲ್ಲವೆಂದು ಹೇಳುತ್ತಾರೆ. ಒಳ್ಳೆಯ ಈಜುಗಾರರಿಲ್ಲದ ಕಡೆ ಗೆದ್ದರೆ ಅದು ಗೆಲುವಲ್ಲ, ಅವರಿಗೆ ಇನ್ನೊಂದು ಅವಕಾಶ ಕೊಡಬೇಕು ಎಂದು ಅವರು ವಾದಿಸಿದರಂತೆ. ತೀರ್ಪುಗಾರರು ಸಭೆ ಸೇರಿ, ಬಿಟ್ಟುಹೋದವರಿಗಾಗಿ ಬೇರೆಯೇ ಒಂದು ಸುತ್ತನ್ನು ನಡೆಸಲು ಒಪ್ಪಿದರು. ಅದರಲ್ಲಿ ಡ್ಯೂಕ್ 1 ನಿಮಿಷ 2.4 ಸೆಕೆಂಡಿನಲ್ಲಿ ಗುರಿ ಮುಟ್ಟಿದರು.

ಜುಲೈ 10ರಂದು ಕೊನೆಯ ಸ್ಪರ್ಧೆ. ಡ್ಯೂಕ್ ಅರ್ಧ ದಾರಿಯಲ್ಲೇ ಮುಂದಾದರು. 1 ನಿಮಿಷ 3.4 ಸೆಕೆಂಡಿನಲ್ಲಿ ಗೆದ್ದು ಚಿನ್ನದ ಪದಕ ಪಡೆದರು. ಎರಡನೆಯವರಾಗಿ ಬಂದವರು ಯಾರು ಗೊತ್ತೇ? ಅದೇ ಸೆಸಿಲ್ ಹೀಲಿ. ಸುಮ್ಮನಿದ್ದಿದ್ದರೆ ಚಿನ್ನ ಅವರಿಗೇ ಸಿಗುತ್ತಿತ್ತೇನೋ. ಹೀಲಿ ಅವರು ಮುಂದೆ ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಹೋಗಿ 1918ರಲ್ಲಿ ಫ್ರಾನ್ಸ್ ದೇಶದ ಯುದ್ಧಭೂಮಿಯಲ್ಲಿ ಮಡಿದರು. ಡ್ಯೂಕ್ ಅವರ ಕಥೆ ಹೇಳುವಾಗ ಹೀಲಿ ಅವರನ್ನು ಬಿಟ್ಟು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಡ್ಯೂಕ್ ಊರಿಗೆ ಮರಳಿದಾಗ ಹೂಮಾಲೆಗಳ ರಾಶಿಯೇ ಕಾದಿತ್ತು. ಆದರೆ ಪದಕದಿಂದ ಹೊಟ್ಟೆ ತುಂಬುವುದಿಲ್ಲ. ಆಗಿನ ನಿಯಮ ಬಹಳ ಕಟ್ಟುನಿಟ್ಟು. ಒಲಿಂಪಿಕ್‌ನಲ್ಲಿ ಭಾಗವಹಿಸುವವರು ಆಟದಿಂದ ಒಂದು ಕಾಸನ್ನೂ ಸಂಪಾದಿಸಬಾರದು. ಗೆದ್ದಾಗ ಕೊಟ್ಟ ಹಣ ತೆಗೆದುಕೊಂಡರೆ ಮುಂದೆ ಸ್ಪರ್ಧಿಸುವಂತಿಲ್ಲ. ಹೊನೊಲುಲುವಿನ ಜನರೇ ಹಣ ಸೇರಿಸಿ ಅವರಿಗೊಂದು ಮನೆಯನ್ನು ಕೊಡಿಸಿದರು.

1914ರ ಕೊನೆಯಲ್ಲಿ ಆಸ್ಟ್ರೇಲಿಯಾದಿಂದ ಅವರಿಗೆ ಕರೆ ಬಂದಿತು. 1915ರ ಜನವರಿ 2ರಂದು ಸಿಡ್ನಿ ನಗರದಲ್ಲಿ, ಸಾವಿರಾರು ಜನರೆದುರು, ಅವರು ನೂರು ಗಜವನ್ನು 53.8 ಸೆಕೆಂಡಿನಲ್ಲಿ ಈಜಿದರು. ಹೊನೊಲುಲು ಬಂದರಿನ 55.4 ಸೆಕೆಂಡನ್ನು ನಗೆಯಾಡಿದವರು ಈಗ ಏನು ಹೇಳಬೇಕು? ಇಲ್ಲಿ ಅಲಾರಂ ಗಡಿಯಾರವಿರಲಿಲ್ಲ.

ಅಲ್ಲಿಯೇ ಇನ್ನೊಂದು ಸಂಗತಿಯೂ ನಡೆಯಿತು. ಸಿಡ್ನಿಯ ಕಡಲತೀರದಲ್ಲಿ ದೊಡ್ಡ ದೊಡ್ಡ ಅಲೆಗಳನ್ನು ಕಂಡು ಡ್ಯೂಕ್ ಅವರ ಕೈ ಸುಮ್ಮನಿರಲಿಲ್ಲ. ಪೈನ್ ಮರದ ಒಂದು ದಿಮ್ಮಿಯನ್ನು ತರಿಸಿ ತಾವೇ ಹಲಗೆ ಕೆತ್ತಿದರು. ಫ್ರೆಶ್‌ವಾಟರ್ ಎಂಬ ತೀರದಲ್ಲಿ ಅಲೆಯ ಮೇಲೆ ನಿಂತು ಬಂದಾಗ ಜನರು ಬೆರಗಾಗಿ ನೋಡಿದರು. ಇಸಾಬೆಲ್ ಲೆಥಮ್ ಎಂಬ ಹದಿನೈದು ವರ್ಷದ ಹುಡುಗಿಯನ್ನೂ ತಮ್ಮ ಹಲಗೆಯ ಮೇಲೆ ನಿಲ್ಲಿಸಿಕೊಂಡು ಅಲೆ ಏರಿದರು. ಆ ಹುಡುಗಿ ದೊಡ್ಡವಳಾಗಿ ಈಜು ಕಲಿಸುವ ಶಿಕ್ಷಕಿಯಾದಳು. ಡ್ಯೂಕ್ ಕೆತ್ತಿದ ಹಲಗೆಯನ್ನು ಅಲ್ಲಿಯವರು ಜೋಪಾನವಾಗಿ ಉಳಿಸಿಕೊಂಡಿದ್ದಾರೆ.

1916ರ ಒಲಿಂಪಿಕ್ ಕ್ರೀಡೆಗಳು ಯುದ್ಧದಿಂದಾಗಿ ನಡೆಯಲಿಲ್ಲ. ಡ್ಯೂಕ್ ಅವರ ಮೈಯಲ್ಲಿ ಪೂರ್ಣ ಬಲವಿದ್ದ ವರ್ಷಗಳು ಹಾಗೆಯೇ ಕಳೆದವು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ಕ್ರೀಡೆಗಳು ನಡೆದವು. ಹಳೆಯ ಕೋಟೆಯ ಕಂದಕದ ನೀರೇ ಅಲ್ಲಿಯ ಈಜುಕೊಳ. ಕಪ್ಪಾದ, ಮಂಜುಗಡ್ಡೆಯಂಥ ನೀರು. ಆಗಸ್ಟ್ 24ರಂದು, ಅಂದರೆ ತಮ್ಮ ಮೂವತ್ತನೆಯ ಹುಟ್ಟುಹಬ್ಬದ ದಿನ, ಡ್ಯೂಕ್ ನೂರು ಮೀಟರನ್ನು 1 ನಿಮಿಷ 0.4 ಸೆಕೆಂಡಿನಲ್ಲಿ ಈಜಿ ಹೊಸ ಲೋಕದಾಖಲೆ ಮಾಡಿದರು. ಆದರೆ ಆಸ್ಟ್ರೇಲಿಯಾದ ಒಬ್ಬ ಈಜುಗಾರನು ತನಗೆ ಪಕ್ಕದವನು ಅಡ್ಡ ಬಂದನೆಂದು ದೂರಿದನು. ಇಡೀ ಸ್ಪರ್ಧೆಯನ್ನು ಮತ್ತೆ ನಡೆಸಿದರು! ಡ್ಯೂಕ್ ಗೊಣಗದೆ ಮತ್ತೆ ನೀರಿಗಿಳಿದರು, ಮತ್ತೆ ಗೆದ್ದರು. ಎರಡನೆಯ, ಮೂರನೆಯ ಸ್ಥಾನಗಳೂ ಹವಾಯಿಯವರಿಗೇ ಬಂದವು. ತಂಡದ ರಿಲೇ ಈಜಿನಲ್ಲಿ ಇನ್ನೊಂದು ಚಿನ್ನ ಸಿಕ್ಕಿತು.

1924ರ ಪ್ಯಾರಿಸ್ ಕ್ರೀಡೆಗಳಲ್ಲಿ ಡ್ಯೂಕ್ ಅವರಿಗೆ 33 ವರ್ಷ. ಪಕ್ಕದಲ್ಲಿ ನಿಂತವನು 20 ವರ್ಷದ ಜಾನಿ ವೈಸ್‌ಮುಲ್ಲರ್. ಮುಂದೆ ಟಾರ್ಜಾನ್ ಚಲನಚಿತ್ರಗಳಲ್ಲಿ ನಟಿಸಿದವನೂ ಅವನೇ. ಆ ದಿನ ವೈಸ್‌ಮುಲ್ಲರ್ ಗೆದ್ದನು. ಡ್ಯೂಕ್ ಎರಡನೆಯವರು. ಮೂರನೆಯವರಾಗಿ ಬಂದದ್ದು ಡ್ಯೂಕ್ ಅವರ ಸ್ವಂತ ತಮ್ಮ ಸ್ಯಾಮ್! ಸೋತ ಬೇಸರಕ್ಕಿಂತ ತಮ್ಮನ ಜೊತೆ ನಿಂತ ಸಂತೋಷವೇ ಹೆಚ್ಚಾಗಿರಬೇಕು.

ಪದಕಗಳ ಲೆಕ್ಕ ಇಲ್ಲಿಗೆ ಮುಗಿಯಿತು. ಆದರೆ ಡ್ಯೂಕ್ ಅವರ ಬಾಳಿನ ಬಹು ದೊಡ್ಡ ಈಜಿಗೆ ಯಾವ ಪದಕವೂ ಇರಲಿಲ್ಲ. 1925ನೆಯ ಇಸವಿ ಜೂನ್ 14. ಅವರು ಆಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದರು. ನ್ಯೂಪೋರ್ಟ್ ಎಂಬ ಊರಿನ ಕಡಲತೀರದಲ್ಲಿ ಗೆಳೆಯರೊಂದಿಗೆ ಇದ್ದಾಗ, ಮೀನು ಹಿಡಿಯಲು ಹೋಗಿದ್ದವರ ಒಂದು ದೋಣಿ ಬಂದರಿನೊಳಕ್ಕೆ ಬರಲು ಹೆಣಗುತ್ತಿರುವುದು ಕಂಡಿತು. ನೋಡನೋಡುತ್ತಿದ್ದಂತೆಯೇ ಭಾರಿ ಅಲೆಯೊಂದು ದೋಣಿಯನ್ನು ಮಗುಚಿ ಹಾಕಿತು. ಜನರು ನೀರಿನಲ್ಲಿ ಕೂಗತೊಡಗಿದರು. ಡ್ಯೂಕ್ ತಮ್ಮ ಹಲಗೆಯನ್ನು ಎತ್ತಿಕೊಂಡು ಅಲೆಗಳಿಗೆ ನುಗ್ಗಿದರು. ಮುಳುಗುತ್ತಿದ್ದವರನ್ನು ಹಲಗೆಯ ಮೇಲೆ ಎಳೆದು ಹಾಕಿಕೊಂಡು ದಡಕ್ಕೆ ತಂದರು. ಉಸಿರಾಡಲೂ ನಿಲ್ಲದೆ ಮತ್ತೆ ಹೋದರು. ಮೂರನೆಯ ಸಲವೂ ಹೋದರು. ಅವರೊಬ್ಬರೇ ಎಂಟು ಜನರ ಪ್ರಾಣ ಉಳಿಸಿದರು. ಅವರ ಗೆಳೆಯರು ಇನ್ನೂ ಕೆಲವರನ್ನು ತಂದರು. ಆದರೂ ಎಲ್ಲರನ್ನೂ ಉಳಿಸಲಾಗಲಿಲ್ಲ. ಬರಿಗೈಯಲ್ಲಿ ಈಜಿ ಹೋಗಿದ್ದರೆ ಇಷ್ಟು ಜನರನ್ನು ತರಲು ಆಗುತ್ತಿರಲಿಲ್ಲ. ಹಲಗೆ ತೇಲುತ್ತದೆ, ಹಿಡಿದುಕೊಳ್ಳಲು ಆಸರೆಯಾಗುತ್ತದೆ. ಇದನ್ನು ಕಂಡ ಮೇಲೆ ಕಡಲತೀರದ ಜೀವರಕ್ಷಕರು ಇಂಥ ಹಲಗೆಗಳನ್ನು ಬಳಸತೊಡಗಿದರು. ನಮ್ಮ ಕಾಲುವೆಯಲ್ಲಿಯೋ ಬಾವಿಯಲ್ಲಿಯೋ ಯಾರಾದರೂ ಮುಳುಗುತ್ತಿದ್ದರೆ ನೀವೇ ಹಾರಬೇಡಿರಿ. ದೊಡ್ಡವರನ್ನು ಕೂಗಿ ಕರೆಯಿರಿ. ತೇಲುವ ಬಾಳೆದಿಂಡನ್ನೋ ಹಗ್ಗವನ್ನೋ ಎಸೆಯಿರಿ.

ಇಷ್ಟೆಲ್ಲ ಮಾಡಿದವರ ಬದುಕು ಸುಖವಾಗಿತ್ತೇ? ಹಾಗೆ ಹೇಳುವಂತಿಲ್ಲ. ಚಲನಚಿತ್ರಗಳಲ್ಲಿ ಅವರಿಗೆ ಸಣ್ಣ ಸಣ್ಣ ವೇಷಗಳೇ ಸಿಕ್ಕಿದವು. ಅವರ ಮೈಬಣ್ಣ ಕಂದು ಎಂಬ ಕಾರಣಕ್ಕೆ ಹೋಟೆಲಿನಲ್ಲಿ ಊಟ ಬಡಿಸಲು ನಿರಾಕರಿಸಿದ ಘಟನೆಯೂ ನಡೆಯಿತು. ಊರಿಗೆ ಮರಳಿದ ಮೇಲೆ ಕಟ್ಟಡ ನೋಡಿಕೊಳ್ಳುವ ಕೆಲಸ ಮಾಡಿದರು, ಪೆಟ್ರೋಲ್ ಬಂಕ್ ನಡೆಸಿದರು. ಲೋಕವೇ ಬಲ್ಲ ಈಜುಗಾರರು ಕಾರಿಗೆ ಪೆಟ್ರೋಲ್ ಹಾಕುತ್ತಾ ನಿಂತಿದ್ದರು. ಅವರಿಗೆ ಅದರಲ್ಲಿ ನಾಚಿಕೆಯಿರಲಿಲ್ಲ. ನಾಚಿಕೆ ಬೇರೆಯವರಿಗೆ ಆಗಬೇಕಿತ್ತು. 1930ರ ದಶಕದಲ್ಲಿ ಹೊನೊಲುಲುವಿನ ಜನರು ಅವರನ್ನು ಷೆರಿಫ್ ಹುದ್ದೆಗೆ ಚುನಾಯಿಸಿದರು. ಒಂದಲ್ಲ, ಎರಡಲ್ಲ, ಒಟ್ಟು ಹದಿಮೂರು ಸಲ ಅವರನ್ನೇ ಆರಿಸಿದರು. 1940ರಲ್ಲಿ ಅವರು ನ್ಯಾಡಿನ್ ಎಂಬ ನೃತ್ಯ ಶಿಕ್ಷಕಿಯನ್ನು ಮದುವೆಯಾದರು.

ಬಿಳಿಕೂದಲಿನ ಮುದುಕರಾದ ಮೇಲೂ ಡ್ಯೂಕ್ ಕಡಲನ್ನು ಬಿಡಲಿಲ್ಲ. ದೂರದೂರುಗಳಿಂದ ಬಂದವರಿಗೆ ನಗುನಗುತ್ತಾ ಅಲೆ ಏರುವುದನ್ನು ತೋರಿಸಿಕೊಡುತ್ತಿದ್ದರು. 1968ರ ಜನವರಿ 22ರಂದು, ತಮ್ಮ 77ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಚಿತಾಭಸ್ಮವನ್ನು ದೋಣಿಗಳಲ್ಲಿ ಕೊಂಡೊಯ್ದು ವೈಕಿಕಿಯ ಕಡಲಿನಲ್ಲೇ ಬಿಟ್ಟರು.

1990ರಲ್ಲಿ ವೈಕಿಕಿ ತೀರದಲ್ಲಿ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಎರಡೂ ಕೈಗಳನ್ನು ಚಾಚಿ ಬಂದವರನ್ನು ಕರೆಯುವಂತೆ ಅದು ನಿಂತಿದೆ. ಜನರು ಆ ಕೈಗಳಿಗೆ ಹೂಮಾಲೆ ಹಾಕುತ್ತಾರೆ. ಪ್ರತಿಮೆಯ ಮುಖ ರಸ್ತೆಯ ಕಡೆಗೆ, ಬೆನ್ನು ಕಡಲಿನ ಕಡೆಗೆ ಇದೆ. ಕಡಲನ್ನು ಬಲ್ಲವರು ಎಂದೂ ಅದಕ್ಕೆ ಬೆನ್ನು ಕೊಡುವುದಿಲ್ಲ, ಇದು ಸರಿಯಲ್ಲ ಎಂದು ಅಲ್ಲಿಯ ಹಳಬರು ಆಕ್ಷೇಪಿಸಿದ್ದುಂಟು. ನನಗೂ ಅವರ ಮಾತೇ ಸರಿ ಎನ್ನಿಸುತ್ತದೆ.

ಈಗ ನೂರು ಮೀಟರ್ ಫ್ರೀಸ್ಟೈಲನ್ನು 47 ಸೆಕೆಂಡಿಗಿಂತಲೂ ಕಡಿಮೆ ವೇಳೆಯಲ್ಲಿ ಈಜುವವರಿದ್ದಾರೆ. ಡ್ಯೂಕ್ ಅವರ ದಾಖಲೆಗಳೆಲ್ಲ ಎಂದೋ ಮುರಿದುಹೋದವು. ಆದರೆ ಅವರಿಗೆ ಇನ್ನೊಂದು ಆಸೆಯಿತ್ತು. ತಮ್ಮ ಜನರ ಅಲೆಯಾಟವು ಒಲಿಂಪಿಕ್ ಕ್ರೀಡೆಗಳಲ್ಲಿ ಸೇರಬೇಕು ಎಂಬುದೇ ಆ ಆಸೆ. ಅದು ನಡೆದದ್ದು ಅವರು ತೀರಿಕೊಂಡು ಐವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ. 2021ರಲ್ಲಿ ಜಪಾನಿನಲ್ಲಿ ನಡೆದ ಕ್ರೀಡೆಗಳಲ್ಲಿ ಮೊಟ್ಟಮೊದಲ ಬಾರಿಗೆ ಸರ್ಫಿಂಗ್ ಸ್ಪರ್ಧೆ ನಡೆಯಿತು. ಹೆಂಗಸರ ವಿಭಾಗದಲ್ಲಿ ಚಿನ್ನ ಗೆದ್ದವರು ಕರಿಸ್ಸಾ ಮೂರ್. ಅವರು ಹುಟ್ಟಿದ ಊರು ಹೊನೊಲುಲು. ಚಿಕ್ಕಂದಿನಲ್ಲಿ ಅಲೆ ಏರಲು ಅವರು ಕಲಿತದ್ದು ವೈಕಿಕಿಯಲ್ಲಿ, ತಮ್ಮ ತಂದೆಯ ಜೊತೆ.